ಮೊಣಕಾಲು ನೋವು ಅಂತ ಹೋದವರಿಗೆ ಒಂಬತ್ತು ಪ್ರಶ್ನೆ

ನಮ್ಮ ಅತ್ತೆಗೆ 71 ವರ್ಷ. ಹುಟ್ಟಿದ್ದು ಮೆಕ್ಸಿಕೊದ ಮಿಚೊಆಕಾನ್‌ನಲ್ಲಿ, ಬದುಕಿದ್ದು ಕ್ಯಾಲಿಫೋರ್ನಿಯಾದ ಫ್ರೆಸ್ನೊ ಹತ್ತಿರದ ಒಂದು ಸಣ್ಣ ಊರಿನಲ್ಲಿ. ನಾನು ತಿಪಟೂರಿನ ಕಡೆಯವಳು, ಅವರ ಕಿರಿಮಗನ ಹೆಂಡತಿ. ಮನೆಯವರೆಲ್ಲರ ಹಾಗೆ ನಾನೂ ಅವರನ್ನು ‘ಮಮಾ’ ಅಂತಲೇ ಕರೆಯುತ್ತೇನೆ. ಫೋನಿನಲ್ಲಿ ಇದನ್ನು ಕೇಳಿಸಿಕೊಂಡ ನಮ್ಮಮ್ಮ ಮದುವೆಯಾದ ಹೊಸದರಲ್ಲಿ ‘ಯಾವ ಮಾವ ಬಂದಿದ್ದಾರೆ ಮನೆಗೆ?’ ಅಂತ ಕೇಳುತ್ತಿದ್ದಳು.

2024ರ ಡಿಸೆಂಬರಿನಿಂದ 2025ರ ಸೆಪ್ಟೆಂಬರಿನವರೆಗೆ ಮಮಾ ಅವರ ಖಿನ್ನತೆಗೆ ಚಿಕಿತ್ಸೆ ಕೊಡಿಸಲು ನಾವು ಅಲೆದ ಕಥೆ ಇದು. ನನ್ನ ಹಾಗೆ ಮೆಕ್ಸಿಕನ್ ಮನೆ ಸೇರಿದ ಕನ್ನಡದವರು ಕಡಿಮೆ, ಗೊತ್ತು. ಆದರೆ ಅಮೆರಿಕದಲ್ಲಿ ವಯಸ್ಸಾದವರನ್ನು, ಇಂಗ್ಲಿಷ್ ಬಾರದವರನ್ನು, ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುವವರು ಬಹಳ ಜನ ಇದ್ದಾರೆ. ನಾವು ಎಡವಿದ ಜಾಗದಲ್ಲಿ ಅವರು ಎಡವುವುದು ಬೇಡ.

ಮೊದಲು ಗೊತ್ತಾಗಿದ್ದು ತಮಾಲೆಯಿಂದ. ತಮಾಲೆ ಅಂದರೆ ನಮ್ಮ ಎಲೆ ಕಡುಬಿನ ದಾಯಾದಿ ಅಂದುಕೊಳ್ಳಿ. ಮೆಕ್ಕೆಜೋಳದ ತೆನೆಯ ಸಿಪ್ಪೆಯಲ್ಲಿ ಹಿಟ್ಟು, ಮಾಂಸ ಇಟ್ಟು ಸುತ್ತಿ ಹಬೆಯಲ್ಲಿ ಬೇಯಿಸುತ್ತಾರೆ. ಕ್ರಿಸ್‌ಮಸ್ ಹಿಂದಿನ ದಿನ ಇಡೀ ಮನೆ ಮಮಾ ಕೈಕೆಳಗೆ. ಹಿಟ್ಟಿನ ಚೂರನ್ನು ನೀರಿಗೆ ಹಾಕಿ, ಅದು ತೇಲುವವರೆಗೂ ನಾದಿಸುತ್ತಿದ್ದರು. ಯಾರೂ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಆ ಸಲ ಮಾತ್ರ ಸೋಫಾದಲ್ಲಿ ಕೂತುಕೊಂಡೇ ‘ಅಂಗಡಿಯಿಂದ ತಂದುಬಿಡಿ’ ಅಂದರು. ಎಲ್ಲರೂ ನಕ್ಕರು. ಮಮಾಗೂ ವಯಸ್ಸಾಯ್ತು ಅಂತ ದೊಡ್ಡ ಭಾವ ತಮಾಷೆ ಮಾಡಿದರು. ನನಗೆ ನಗು ಬರಲಿಲ್ಲ, ಆದರೆ ಸುಮ್ನೆ ಇದ್ದೆ.

ಮಾವ ತೀರಿಕೊಂಡು ಆಗ ಒಂಬತ್ತು ತಿಂಗಳಾಗಿತ್ತು. ಇಬ್ಬರೂ ಫ್ರೆಸ್ನೊ ಹತ್ತಿರದ ಸೆಲ್ಮಾ ಊರಿನ ಸುತ್ತಮುತ್ತ ದ್ರಾಕ್ಷಿ ಕೊಯ್ದವರು, ಒಣದ್ರಾಕ್ಷಿ ತಿರುವಿದವರು. ಆಮೇಲೆ ಮಮಾ ಹಣ್ಣಿನ ಪ್ಯಾಕಿಂಗ್ ಶೆಡ್ಡಿಗೆ ಹೋದರು. 1986ರ ವಲಸೆ ಕಾನೂನು ಹೊಲದ ಕೆಲಸದವರಿಗೂ ದಾರಿ ಮಾಡಿಕೊಟ್ಟಾಗ ಇಬ್ಬರಿಗೂ ಕಾಗದಪತ್ರ ಆಯಿತು. ವರ್ಷಗಟ್ಟಲೆ ಸಂಬಳದಲ್ಲಿ ತೆರಿಗೆ ಕಟ್ಟಿದ್ದರಿಂದ ವಯಸ್ಸಾದವರ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಇದೆ, ಆದಾಯ ಕಡಿಮೆ ಇದ್ದುದರಿಂದ ಬಡವರಿಗೆ ಅಂತ ಕ್ಯಾಲಿಫೋರ್ನಿಯಾದಲ್ಲಿರುವ ವಿಮೆ ಮೆಡಿ-ಕ್ಯಾಲ್ ಕೂಡ ಇದೆ. ಇದ್ದವು ಅಂತ ನಾವು ಅಂದುಕೊಂಡಿದ್ದೆವು. ಅದರ ಕಥೆ ಮುಂದೆ.

ಮಮಾ ಯಾವತ್ತೂ ‘ಬೇಜಾರು’ ಅನ್ನಲಿಲ್ಲ. ಮೊಣಕಾಲು ನೋವು, ತಲೆ ಭಾರ, ಹೊಟ್ಟೆ ಸರಿಯಿಲ್ಲ, ರಾತ್ರಿ ಮೂರಕ್ಕೇ ಎಚ್ಚರ. ‘ಮೆ ದುಎಲೆ ತೋದೊ’, ಎಲ್ಲಾ ಕಡೆ ನೋವು. ಹೆಸರಿಡಲೇಬೇಕು ಅಂದರೆ ‘ನೆರ್ವಿಯೋಸ್’. ನರದ ತೊಂದರೆ ಅನ್ನುವ ಹಾಗೆ ಕೇಳಿಸುತ್ತದೆ, ಆದರೆ ಅದರೊಳಗೆ ಚಿಂತೆ, ದುಃಖ, ನಡುಕ, ಸಿಟ್ಟು ಎಲ್ಲವೂ ಇವೆ. ನನಗೆ ಇದೇನೂ ಹೊಸದಾಗಿರಲಿಲ್ಲ. ನಮ್ಮಜ್ಜಿಯೂ ತಾತ ಹೋದ ಮೇಲೆ ‘ಕೈಕಾಲು ಸೆಳೀತವೆ’ ಅಂತಲೇ ಎರಡು ವರ್ಷ ಕಳೆದಳು.

ಮನೆಮದ್ದು ಎಲ್ಲಾ ಆಯಿತು. ‘ತಿಲಾ’ ಅನ್ನುವ ಹೂವಿನ ಕಷಾಯ. ಮೈಗೆಲ್ಲ ವಿಕ್ಸ್. ಅವರ ಕೋಮಾದ್ರೆ ಒಬ್ಬರಿದ್ದಾರೆ. ಈ ಕೋಮಾದ್ರೆಯ ಮಗಳಿಗೆ ಮಮಾ ದೀಕ್ಷಾಸ್ನಾನದ ತಾಯಿ, ಹಾಗಾಗಿ ಸ್ವಂತ ಅಕ್ಕತಂಗಿಯರಿಗಿಂತ ಹತ್ತಿರ. ಅವರು ಬಂದು, ನಮ್ಮಲ್ಲಿ ದೃಷ್ಟಿ ತೆಗೆಯುವ ಹಾಗೆ, ಮೈಮೇಲೆಲ್ಲ ಮೊಟ್ಟೆ ಆಡಿಸಿ, ಅದನ್ನು ನೀರಿನ ಲೋಟಕ್ಕೆ ಒಡೆದು ನೋಡಿದರು. ನಾದಿನಿ ಮಾತ್ರ ಲಾಸ್ ಏಂಜಲಿಸ್‌ನಿಂದ ದಿನಾ ಫೋನ್ ಮಾಡಿ ‘ಎಚಾಲೆ ಗಾನಾಸ್, ಮಮಾ’ ಅನ್ನುತ್ತಿದ್ದಳು. ಗಟ್ಟಿ ಮನಸ್ಸು ಮಾಡು, ಜೋರು ಹಾಕು ಅಂತ. ಪ್ರೀತಿಯಿಂದಲೇ ಹೇಳುತ್ತಿದ್ದಳು. ಆದರೆ ಫೋನ್ ಇಟ್ಟ ಮೇಲೆ ಮಮಾ ಇನ್ನೂ ಕುಗ್ಗುತ್ತಿದ್ದರು. ಜೋರು ಹಾಕೋಕೆ ಆಗದಿರುವುದೂ ತನ್ನದೇ ತಪ್ಪು ಅನ್ನುವ ಹಾಗೆ.

ಜನವರಿಯಲ್ಲಿ ಫ್ರೆಸ್ನೊ ಇರುವ ಈ ಕಣಿವೆಯಲ್ಲಿ ‘ಟೂಲಿ’ ಅನ್ನುವ ದಟ್ಟ ಮಂಜು ಇಳಿಯುತ್ತದೆ. ಮುಂದಿನ ಕಾರಿನ ದೀಪವೂ ಕಾಣುವುದಿಲ್ಲ. ಅಂಥ ಒಂದು ರಾತ್ರಿ ಮಮಾಗೆ ಎದೆ ಹಿಡಿದುಕೊಂಡಿತು. 20 ನಿಮಿಷದ ದಾರಿಗೆ ಒಂದು ಗಂಟೆ. ತುರ್ತು ವಿಭಾಗದಲ್ಲಿ ಇಸಿಜಿ, ರಕ್ತ ಪರೀಕ್ಷೆ, ಆರು ಗಂಟೆ ಕಾಯುವಿಕೆ. ಹೃದಯ ಚೆನ್ನಾಗಿದೆ ಅಂದರು. ಮನೆಗೆ ಕಳಿಸುವಾಗ ಕೊಟ್ಟ ಹಾಳೆಯಲ್ಲಿ ಆತಂಕ ಅನ್ನುವ ಒಂದು ಪದ, ‘ನಿಮ್ಮ ಡಾಕ್ಟರನ್ನು ನೋಡಿ’ ಅನ್ನುವ ಒಂದು ಸಾಲು. ಇಂಗ್ಲಿಷಿನಲ್ಲಿ.

ಮೂರು ವಾರಕ್ಕೆ ಬಿಲ್ ಬಂತು. ಮೆಡಿಕೇರ್ ಕೊಟ್ಟಷ್ಟು ಕೊಟ್ಟು ಉಳಿದದ್ದು ನಮ್ಮ ತಲೆಗೆ. ಮೆಡಿ-ಕ್ಯಾಲ್ ಕೊಡಬೇಕಲ್ವಾ ಅಂತ ಫೋನ್ ಮಾಡಿದರೆ, ಅದು ಡಿಸೆಂಬರ್ ಕೊನೆಗೇ ನಿಂತುಹೋಗಿದೆ, ನವೀಕರಣದ ಕಾಗದ ವಾಪಸ್ ಬಂದಿಲ್ಲ ಅಂದರು. ಮಮಾ ಕೇಳಿದಾಗ ಸುಮ್ಮನೆ ಅಡುಗೆಮನೆ ಕಡೆ ತೋರಿಸಿದರು. ಹೊಲಿಗೆ ಸಾಮಾನು ಇಡುವ ನೀಲಿ ಬಿಸ್ಕತ್ತಿನ ಡಬ್ಬಿ. ತೆಗೆದರೆ ಸೂಜಿ ದಾರದ ಮೇಲೆ ಬಿಚ್ಚದ ಹದಿನಾಲ್ಕು ಲಕೋಟೆ. ಕರೆಂಟ್ ಬಿಲ್ಲು, ಪೆನ್ಷನ್ ಆಫೀಸಿನದು, ನವೀಕರಣದ ಕಾಗದವಿದ್ದ ಕೌಂಟಿಯ (ಜಿಲ್ಲಾ ಆಡಳಿತದ) ಆ ದಪ್ಪ ಲಕೋಟೆ. ಬಿಲ್ಲನ್ನು ಒಂದು ದಿನ ತಡವಾಗಿ ಕಟ್ಟದ ಹೆಂಗಸು ಇವರು. ರಕ್ತ ಪರೀಕ್ಷೆಗಿಂತ ಈ ಡಬ್ಬಿಯೇ ನನಗೆ ಜಾಸ್ತಿ ಹೇಳಿತು.

ಇದು ಯಾರಿಗಾದರೂ ಆಗಿದ್ದರೆ ಗಾಬರಿ ಬೇಡ. ಮೆಡಿ-ಕ್ಯಾಲ್ ನಿಂತ ದಿನದಿಂದ 90 ದಿನದೊಳಗೆ ಆ ಕಾಗದ ತುಂಬಿಸಿ ಕೊಟ್ಟರೆ ಹೊಸ ಅರ್ಜಿ ಬೇಕಿಲ್ಲ, ಅರ್ಹತೆ ಇದ್ದರೆ ನಿಂತ ದಿನದಿಂದಲೇ ಮತ್ತೆ ಚಾಲೂ ಮಾಡುತ್ತಾರೆ. ನಾವು 52ನೇ ದಿನಕ್ಕೆ ಕೊಟ್ಟೆವು. ಜೊತೆಗೆ ಸೋಷಿಯಲ್ ಸೆಕ್ಯುರಿಟಿ (ಸರ್ಕಾರಿ ಪೆನ್ಷನ್) ಪತ್ರ, ಬ್ಯಾಂಕಿನದು, ಮನೆ ವಿಳಾಸದ ದಾಖಲೆ. ಅಂಚೆಗೆ ಹಾಕಲಿಲ್ಲ, ಕೌಂಟಿ ಆಫೀಸಿಗೆ ಹೋಗಿ ಕೈಯಲ್ಲೇ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಂಡೆ. ಇಲ್ಲಿ ನನ್ನ ತಿಪಟೂರು ಬುದ್ಧಿ ಕೆಲಸಕ್ಕೆ ಬಂತು. ಮತ್ತೆ ಚಾಲೂ ಆಗಲು ಐದು ವಾರ ಹಿಡಿಯಿತು, ಬಿಲ್ ಆಮೇಲೆ ಮೆಡಿ-ಕ್ಯಾಲ್‌ಗೆ ಹೋಯಿತು.

ಇಷ್ಟರಲ್ಲಿ ಫೆಬ್ರವರಿ. ಮಮಾ ಹತ್ತು ವರ್ಷದಿಂದ ಹೋಗುತ್ತಿದ್ದ ಕ್ಲಿನಿಕ್ಕಿನಲ್ಲಿ ಐದು ವಾರ ಕಾದು ಸಿಕ್ಕಿದ ಅಪಾಯಿಂಟ್‌ಮೆಂಟ್. ಅವರ ಹಳೇ ಡಾಕ್ಟರ್ ಬಿಟ್ಟುಹೋಗಿದ್ದರು, ಹೊಸಬರು ಇದ್ದರು. ಸ್ಪ್ಯಾನಿಷ್ ಬರುವವರು ಬೇಕು ಅಂದಾಗ ಕೌಂಟರಿನ ಹುಡುಗಿ ‘ಮನೆಯವರು ಬಂದಿದ್ದೀರಲ್ಲ’ ಅಂದಳು. ಕೈಗೊಂದು ಟ್ಯಾಬ್ಲೆಟ್ ಕೊಟ್ಟಳು, ಅದರಲ್ಲಿ ಪ್ರಶ್ನೆಗಳು ಇಂಗ್ಲಿಷಿನಲ್ಲಿ. ಮಮಾ ಓದಿದ್ದು ಮೂರನೇ ಕ್ಲಾಸು. ನನ್ನ ಗಂಡ ಪಕ್ಕ ಕೂತು ಕೇಳಿ ಕೇಳಿ ತುಂಬಿದ.

ಆ ಪ್ರಶ್ನೆಪಟ್ಟಿಯ ಹೆಸರು ಪಿಎಚ್‌ಕ್ಯೂ-9. ಖಿನ್ನತೆ ಎಷ್ಟಿದೆ ಅಂತ ಅಳೆಯುವುದಕ್ಕೆ, ಕಳೆದ ಎರಡು ವಾರದಲ್ಲಿ ಹೇಗಿದ್ದಿರಿ ಅಂತ ಒಂಬತ್ತು ಪ್ರಶ್ನೆ. ಆಸಕ್ತಿ, ಬೇಸರ, ನಿದ್ದೆ, ಸುಸ್ತು, ಊಟ, ತನ್ನ ಬಗ್ಗೆ ಕೀಳು ಭಾವನೆ, ಗಮನ, ನಿಧಾನವಾಗುವುದು ಅಥವಾ ಚಡಪಡಿಕೆ, ಕೊನೆಯದು ಸತ್ತರೆ ಒಳ್ಳೆಯದು ಅಥವಾ ತನಗೇ ಹಾನಿ ಮಾಡಿಕೊಳ್ಳಬೇಕು ಅನ್ನುವ ಯೋಚನೆ. ಇಲ್ಲವೇ ಇಲ್ಲ ಅಂದರೆ 0, ಹೆಚ್ಚುಕಮ್ಮಿ ದಿನಾ ಅಂದರೆ 3. ಒಟ್ಟು ಹೆಚ್ಚೆಂದರೆ 27. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಡಾಕ್ಟರ್ ಗಂಭೀರವಾಗಿ ನೋಡಬೇಕು.

ಮಮಾಗೆ ಬಂದದ್ದು 4.

ಬರದೇ ಏನು? ಕೇಳುತ್ತಿರುವವನು ಹೆತ್ತ ಮಗ. ‘ನಿಮ್ಮ ಮೇಲೆ ನಿಮಗೇ ಕೀಳು ಭಾವನೆ ಇದೆಯಾ, ಮಮಾ?’ ಅಂತ ಮಗ ಕೇಳಿದರೆ ಯಾವ ತಾಯಿ ಹೌದು ಅಂತಾಳೆ? ಒಂಬತ್ತನೆಯದನ್ನು ಅವನು ಕೇಳಲೇ ಇಲ್ಲ. ತಾನೇ 0 ಒತ್ತಿಬಿಟ್ಟ. ಇದನ್ನು ಅವನು ನನ್ನ ಹತ್ತಿರ ಒಪ್ಪಿಕೊಂಡದ್ದು ಜೂನ್‌ನಲ್ಲಿ.

ನಾನೇನೂ ಮೇಲಲ್ಲ. ಒಳಗೆ ಡಾಕ್ಟರ್ ಮುಂದೆ ಅನುವಾದ ಮಾಡಿದ್ದು ನಾನು. ಮನೆಯಲ್ಲಿ ಸಮಯ ಹೇಗೆ ಕಳೆಯುತ್ತೀರಿ ಅಂತ ಕೇಳಿದಾಗ ಮಮಾ ‘ಯಾ ಪಾರಾ ಕೆ’ ಅಂದರು. ‘ಇನ್ನು ಯಾತಕ್ಕೆ’ ಅಂತ ಅರ್ಥ. ನಾನು ‘ಸ್ವಲ್ಪ ಸುಸ್ತು ಅಂತಾರೆ’ ಅಂದೆ. ಬೇಕು ಅಂತ ಸುಳ್ಳು ಹೇಳಲಿಲ್ಲ. ಆ ಮಾತನ್ನು ಹೊರಗಿನವರ ಮುಂದೆ ಹಾಗೇ ಇಡಲು ಬಾಯಿ ಬರಲಿಲ್ಲ. ಹದಿನೈದು ನಿಮಿಷ ಮುಗಿಯಿತು. ಮೊಣಕಾಲಿಗೆ ಎಕ್ಸ್‌ರೇ, ಸಕ್ಕರೆ ಪರೀಕ್ಷೆ, ಮೂರು ತಿಂಗಳು ಬಿಟ್ಟು ಬನ್ನಿ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಆಮೇಲೆ ತಿಳಿದುಕೊಂಡ ವಿಷಯ, ದಯವಿಟ್ಟು ಮನಸ್ಸಿನಲ್ಲಿ ಇಟ್ಟುಕೊಳ್ಳಿ: ಸರ್ಕಾರದ ದುಡ್ಡು ಪಡೆಯುವ ಯಾವುದೇ ಕ್ಲಿನಿಕ್ಕು, ಆಸ್ಪತ್ರೆ ಇಂಗ್ಲಿಷ್ ಬಾರದವರಿಗೆ ತರಬೇತಾದ ದುಭಾಷಿಯನ್ನು ಪುಕ್ಕಟೆ ಕೊಡಬೇಕು. ಮೆಡಿಕೇರ್, ಮೆಡಿ-ಕ್ಯಾಲ್ ತೆಗೆದುಕೊಳ್ಳುವವರೆಲ್ಲ ಇದರಲ್ಲಿ ಬರುತ್ತಾರೆ ಅಂದುಕೊಳ್ಳಿ. 1964ರ ನಾಗರಿಕ ಹಕ್ಕು ಕಾಯ್ದೆಯಿಂದಲೇ ಈ ಜವಾಬ್ದಾರಿ ಇದೆ, ಒಬಾಮಾ ಕಾಲದ ಆರೋಗ್ಯ ಕಾಯ್ದೆ ಅದನ್ನು ಇನ್ನೂ ಬಿಗಿ ಮಾಡಿದೆ. ಮನೆಯವರನ್ನೇ ಕರೆತನ್ನಿ ಅಂತ ಅವರು ಒತ್ತಾಯ ಮಾಡುವ ಹಾಗಿಲ್ಲ. ಕನ್ನಡಕ್ಕೂ ಕೇಳಬಹುದು. ಫೋನಿನಲ್ಲಾದರೂ ಹುಡುಕಿ ಕೊಡಬೇಕು. ಅಪಾಯಿಂಟ್‌ಮೆಂಟ್ ಮಾಡುವಾಗಲೇ ಹೇಳಿ, ಹಿಂದಿನ ದಿನ ಮತ್ತೆ ನೆನಪಿಸಿ.

ಮನೋವೈದ್ಯರ ಹತ್ತಿರ ನೇರವಾಗಿ ಹೋಗೋಣ ಅಂತ ಗಂಡ ಅಂದ. ಮಮಾ ‘ನಾನೇನು ಲೋಕಾನಾ?’ ಅಂದರು. ತಲೆಕೆಟ್ಟವಳಾ ಅಂತ. ಅಲ್ಲಿಗೆ ಮಾತು ಮುಗಿಯಿತು. ನಿಜ ಹೇಳಬೇಕೆಂದರೆ ಈ ಕಡೆ ಮೆಡಿ-ಕ್ಯಾಲ್ ತೆಗೆದುಕೊಳ್ಳುವ, ಸ್ಪ್ಯಾನಿಷ್ ಆಡುವ ಮನೋವೈದ್ಯರು ನಮಗೆ ಸಿಗಲೂ ಇಲ್ಲ. ಪಟ್ಟಿಯಲ್ಲಿದ್ದ ಏಳು ನಂಬರಿಗೆ ಫೋನ್ ಮಾಡಿದೆ. ಎರಡು ಕೆಲಸ ಮಾಡುತ್ತಿರಲಿಲ್ಲ, ಮೂರರವರು ಹೊಸಬರನ್ನು ತೆಗೆದುಕೊಳ್ಳುತ್ತಿರಲಿಲ್ಲ, ಎರಡು ಕಡೆಯವರು ವಾಪಸ್ ಕರೆ ಮಾಡಲೇ ಇಲ್ಲ. ಆದರೆ ಮಮಾ ಮೊಣಕಾಲಿಗೆ ಯಾವ ಡಾಕ್ಟರ್ ಹತ್ತಿರ ಬೇಕಾದರೂ ಬರುತ್ತಿದ್ದರು. ಹಾಗಾದರೆ ಮೊಣಕಾಲಿನ ಬಾಗಿಲಿಂದಲೇ ಒಳಗೆ ಹೋಗಬೇಕು.

ದಾರಿ ತೋರಿಸಿದ್ದು ಚರ್ಚಿನಲ್ಲಿ ಸಿಕ್ಕ ಒಬ್ಬ ‘ಪ್ರೊಮೊತೋರಾ’. ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ, ಅದೇ ಜನರ ನಡುವಿನಿಂದ ಬಂದ ಆರೋಗ್ಯ ಕಾರ್ಯಕರ್ತೆ. ಕಮ್ಯುನಿಟಿ ಹೆಲ್ತ್ ಸೆಂಟರ್‌ಗೆ ಬದಲಾಯಿಸಿ, ಅಲ್ಲಿ ಫ್ಯಾಮಿಲಿ ಡಾಕ್ಟರ್ ಜೊತೆಗೇ ಮನಸ್ಸಿನ ವಿಷಯ ನೋಡುವವರೂ ಒಂದೇ ಕಟ್ಟಡದಲ್ಲಿ ಇರುತ್ತಾರೆ ಅಂದರು. ಇವು 1965ರಿಂದ ಬಂದ, ಸರ್ಕಾರದ ಸಹಾಯದಲ್ಲಿ ನಡೆಯುವ ಕ್ಲಿನಿಕ್ಕುಗಳು. ವಿಮೆ ಇಲ್ಲದವರೂ ಹೋಗಬಹುದು, ಆದಾಯ ನೋಡಿ ಫೀಸು ಇಳಿಸುತ್ತಾರೆ.

ಮೂರೂವರೆ ವಾರ ಕಾದು ಏಪ್ರಿಲ್‌ನಲ್ಲಿ ಹೋದೆವು. ಒಯ್ದದ್ದು: ಮೆಡಿಕೇರ್‌ನ ಕೆಂಪು-ಬಿಳಿ-ನೀಲಿ ಕಾರ್ಡು, ಮೆಡಿ-ಕ್ಯಾಲ್ ಕಾರ್ಡು, ಐಡಿ, ತುರ್ತು ವಿಭಾಗದ ಹಾಳೆಗಳು, ಮತ್ತೆ ಮನೆಯಲ್ಲಿದ್ದ ಅಷ್ಟೂ ಔಷಧಿ ಬಾಟಲಿ ಒಂದು ಚೀಲದಲ್ಲಿ. ಪಟ್ಟಿ ಬರೆದುಕೊಂಡು ಹೋಗಬೇಡಿ, ಬಾಟಲಿಗಳನ್ನೇ ಒಯ್ಯಿರಿ. ಗಡಿಯಾಚೆ ಮೆಕ್ಸಿಕೊದ ತಿಹುವಾನಾ ಊರಿನಿಂದ ಯಾರೋ ತಂದುಕೊಟ್ಟ ನಿದ್ದೆ ಮಾತ್ರೆ ಒಂದು ಮಮಾ ಹತ್ತಿರ ಇತ್ತು ಅಂತ ನಮಗೂ ಅಲ್ಲಿಯೇ ಗೊತ್ತಾಗಿದ್ದು. ಹಳೇ ಕ್ಲಿನಿಕ್ಕಿನ ದಾಖಲೆಗಳು ಬರಲು ಇನ್ನೂ ಒಂದು ತಿಂಗಳು, ಎರಡು ಸಲ ಫ್ಯಾಕ್ಸ್.

ಕಾಯುವ ಕೋಣೆ ಅರ್ಧ ಖಾಲಿ ಇತ್ತು. ಜನವರಿಯಲ್ಲಿ ಬೇಕರ್ಸ್‌ಫೀಲ್ಡ್ ಕಡೆ ಬಾರ್ಡರ್ ಪ್ಯಾಟ್ರೋಲ್ ಅನ್ನುವ ಗಡಿ ಕಾವಲು ಪಡೆಯವರು ಬಂದು ಹೊಲದ ಕೆಲಸದವರನ್ನು ಹಿಡಿದುಕೊಂಡು ಹೋದ ಮೇಲೆ ಜನ ಮನೆ ಬಿಟ್ಟು ಹೊರಡಲೇ ಹೆದರುತ್ತಿದ್ದಾರೆ ಅಂತ ಕೌಂಟರಿನಾಕೆ ಅಂದರು. ಮಮಾ ಪ್ರಜೆ, ಪಾಸ್‌ಪೋರ್ಟ್ ಇದೆ. ಆದರೂ ಪರ್ಸಿನಲ್ಲಿ ಅದರ ನಕಲು ಇಟ್ಟುಕೊಂಡೇ ಬಂದಿದ್ದರು. ಕೋಮಾದ್ರೆಗೆ ಕಾಗದಪತ್ರ ಇಲ್ಲ. ಅವರು ಆ ಹೊತ್ತಿಗೆ ತಮ್ಮ ಸಕ್ಕರೆ ಕಾಯಿಲೆಗೂ ಡಾಕ್ಟರ್ ಹತ್ತಿರ ಹೋಗುವುದನ್ನು ಬಿಟ್ಟಿದ್ದರು.

ಈ ಸಲ ನಾವು ಒಳಗೆ ಹೋಗಲಿಲ್ಲ. ನರ್ಸ್ ಸಹಾಯಕಿ ಬಂದು ‘ಮೊದಲು ಅಮ್ಮನವರ ಜೊತೆ ಒಬ್ಬರೇ ಮಾತಾಡುತ್ತೇವೆ’ ಅಂದಳು. ಗಂಡನ ಮುಖ ಸಪ್ಪಗಾಯಿತು. ನನಗೆ ಮಾತ್ರ ಹೆಗಲಿನಿಂದ ಏನೋ ಇಳಿದ ಹಾಗಾಯಿತು. ಡಾಕ್ಟರಿಗೆ ಸ್ಪ್ಯಾನಿಷ್ ಬರುತ್ತಿರಲಿಲ್ಲ. ಚಕ್ರದ ಕಂಬದ ಮೇಲಿನ ಪರದೆಯಲ್ಲಿ ದುಭಾಷಿ ಇದ್ದಳು, ಎಲ್ಲೋ ಬೇರೆ ರಾಜ್ಯದವಳು. ಪ್ರಶ್ನೆಗಳನ್ನು ಓದಲು ಕೊಡಲಿಲ್ಲ, ಒಂದೊಂದನ್ನೇ ಬಾಯಲ್ಲಿ ಕೇಳಿದರಂತೆ. ಮೊದಲ ಪ್ರಶ್ನೆಯಲ್ಲೇ ‘ಪ್ಲಾಸೆರ್’ ಅನ್ನುವ ಪದ ಬರುತ್ತದೆ, ಖುಷಿ, ಸುಖ ಅಂತ. ‘ಈ ವಯಸ್ಸಿನಲ್ಲಿ ಅದೆಲ್ಲ ಏನು ಕೇಳ್ತೀರಿ’ ಅಂತ ಮಮಾ ನಾಚಿಕೊಂಡು ಗದರಿದರಂತೆ. ಅವರು ಕೇಳಿದ್ದು ತೋಟ, ಅಡುಗೆ, ಮೊಮ್ಮಕ್ಕಳ ಬಗ್ಗೆ ಅಂತ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ನಲವತ್ತು ನಿಮಿಷ ಆದ ಮೇಲೆ ನಮ್ಮನ್ನು ಕರೆದರು. ಏನು ಹೇಳಬಹುದು, ಏನು ಬೇಡ ಅಂತ ಮಮಾ ಹತ್ತಿರ ಕೇಳಿ, ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡಿದ್ದರು. ಈ ಪತ್ರ ಇಲ್ಲದಿದ್ದರೆ ಆಮೇಲೆ ಫೋನ್ ಮಾಡಿದಾಗ ಸೊಸೆಗಲ್ಲ, ಮಗನಿಗೂ ಏನೂ ಹೇಳುವುದಿಲ್ಲ. ಮೊದಲ ದಿನವೇ ಮಾಡಿಸಿಕೊಳ್ಳಿ.

ಅಂಕ 17.

ಅದೇ ಹೆಂಗಸು, ಅವೇ ಒಂಬತ್ತು ಪ್ರಶ್ನೆ. ನಡುವೆ ಎರಡು ತಿಂಗಳು. ಕಾಯಿಲೆ ಅಷ್ಟರಲ್ಲಿ ಸ್ವಲ್ಪ ಏರಿರಬಹುದು. ಆದರೆ ನನ್ನ ಲೆಕ್ಕದಲ್ಲಿ ಆ ಹದಿಮೂರು ಅಂಕದಲ್ಲಿ ಬಹುಪಾಲು ನಾವೇ.

ಒಂಬತ್ತನೇ ಪ್ರಶ್ನೆಗೆ ಮಮಾ ‘ದೇವರು ಯಾವಾಗ ಕರೆದರೂ ನಾನು ಹೊರಡೋಕೆ ರೆಡಿ’ ಅಂದಿದ್ದರು. ದುಭಾಷಿ ಅದನ್ನು ಹಾಗೇ ಹೇಳಿದ್ದಳು, ನನ್ನ ಹಾಗೆ ಮೆತ್ತಗೆ ಮಾಡಲಿಲ್ಲ. ಡಾಕ್ಟರ್ ಕಿರುಚಾಡಲಿಲ್ಲ, ಪೊಲೀಸರನ್ನು ಕರೆಯಲಿಲ್ಲ. ನನಗೆ ಅದೇ ಹೆದರಿಕೆ ಇತ್ತು. ಅದು ಭಕ್ತಿಯ ಮಾತೋ, ಬದುಕು ಸಾಕಾಗಿ ಬಂದ ಮಾತೋ ಅಂತ ಬಿಡಿಸಿ ಬಿಡಿಸಿ ಕೇಳಿದ್ದರು. ಬೆಳಗ್ಗೆ ಎಚ್ಚರವಾಗದೇ ಹೋದರೆ ಒಳ್ಳೆಯದು ಅಂತ ಬಹಳ ದಿನ ಅನ್ನಿಸಿದೆ, ಆದರೆ ತಾನಾಗಿ ಏನೂ ಮಾಡಿಕೊಳ್ಳುವುದಿಲ್ಲ, ಅದು ಪಾಪ ಅಂದರಂತೆ. ಹೊರಡುವ ಮುಂಚೆ ನಮ್ಮನ್ನು ಕೇಳಿದ್ದು ಒಂದೇ: ಮನೆಯಲ್ಲಿ ಬಂದೂಕು ಇದೆಯಾ, ಹಳೇ ಮಾತ್ರೆ ಎಷ್ಟಿವೆ? ಮಾವನ ಹಳೇ ಬಂದೂಕು ಬೀರುವಿನಲ್ಲಿತ್ತು. ನಾವೆಲ್ಲ ಮರೆತೇ ಬಿಟ್ಟಿದ್ದೆವು. ಅವತ್ತು ಸಂಜೆಯೇ ದೊಡ್ಡ ಭಾವ ಅದನ್ನು ತೆಗೆದುಕೊಂಡು ಹೋದರು. ಮಾವನ ನೋವಿನ ಮಾತ್ರೆಗಳನ್ನು ಔಷಧಿ ಅಂಗಡಿಯಲ್ಲಿ ಬೇಡದ ಮಾತ್ರೆ ಹಾಕಲು ಇಟ್ಟಿರುವ ಡಬ್ಬಕ್ಕೆ ಹಾಕಿಬಂದೆ.

ಯಾರಿಗಾದರೂ ಈ ಘಟ್ಟದಲ್ಲಿ ಕೈಕಾಲು ಆಡದಿದ್ದರೆ, ಅಮೆರಿಕದಲ್ಲಿ ಆತ್ಮಹತ್ಯೆ ತಡೆಯುವ ಸಹಾಯವಾಣಿ 988ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. 2 ಒತ್ತಿದರೆ ಸ್ಪ್ಯಾನಿಷ್. ನಾನು ಒಂದು ಸಲ ಮಾಡಿದ್ದೇನೆ. ಮಮಾಗಾಗಿ ಅಂತ ಶುರು ಮಾಡಿ ಕೊನೆಗೆ ಅತ್ತದ್ದು ನಾನು.

ಮಾತ್ರೆಗೆ ಮುಂಚೆ ರಕ್ತ ಪರೀಕ್ಷೆ. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12, ಸೋಡಿಯಂ. ಇವು ಏರುಪೇರಾದರೂ ಸುಸ್ತು, ಮಂಕು ಬರುತ್ತದಂತೆ. ಮಮಾಗೆ ಬಿ12 ಕಡಿಮೆ ಇತ್ತು. ಸಕ್ಕರೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗಿದರೆ ಹೀಗಾಗಬಹುದು ಅಂದರು. ನಮ್ಮ ಊರಲ್ಲೂ ಎಷ್ಟು ಜನ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಾರೆ, ನೋಡಿ. ಅಮ್ಮನಿಗೂ ಅವತ್ತೇ ಫೋನ್ ಮಾಡಿ ಪರೀಕ್ಷೆ ಮಾಡಿಸಲು ಹೇಳಿದೆ. ಮರೆವು ಕಾಯಿಲೆಯೇ ಇರಬಹುದು ಅಂತ ಗಂಡನಿಗೆ ಒಳಗೊಳಗೇ ಭಯ ಇತ್ತು. ಮೂರು ಪದ ನೆನಪಿಟ್ಟುಕೊಳ್ಳಲು ಹೇಳಿ, ಗಡಿಯಾರ ಬರೆಸಿದರು. ಮೂರೂ ಪದ ಹೇಳಿದರು, ಗಡಿಯಾರವೂ ಸರಿ ಇತ್ತು. ಗಂಡ ಕಾರಿಗೆ ಹೋಗಿ ಸ್ವಲ್ಪ ಹೊತ್ತು ಒಬ್ಬನೇ ಕೂತ.

ಮಾತ್ರೆಯ ಹೆಸರು ಸರ್ಟ್ರಲಿನ್. 25 ಮಿಲಿಗ್ರಾಂನಿಂದ ಶುರು. ಒಳ್ಳೆಯದು ಅನ್ನಿಸಲು ನಾಲ್ಕರಿಂದ ಆರು ವಾರ, ಹೊಟ್ಟೆ ತೊಳಸುವುದು ಮಾತ್ರ ಎರಡನೇ ದಿನದಿಂದಲೇ. ಈ ಲೆಕ್ಕ ಬಹಳ ಅನ್ಯಾಯದ್ದು ಅಂತ ನನ್ನ ಅಭಿಪ್ರಾಯ. ಮಮಾ ಒಂಬತ್ತು ದಿನ ತೆಗೆದುಕೊಂಡು ಯಾರಿಗೂ ಹೇಳದೆ ನಿಲ್ಲಿಸಿಬಿಟ್ಟರು. ದಿನಾ ‘ತೆಗೊಂಡ್ರಾ?’ ಅಂತ ನಾನು, ‘ಹೂಂ ಮಿಹಾ’ ಅಂತ ಅವರು. ಮಿಹಾ ಅಂದರೆ ಮಗಳೇ. ಅಷ್ಟು ಮುದ್ದಾಗಿ ಹೇಳಿದರೆ ಯಾರು ಬಾಟಲಿ ಎಣಿಸುತ್ತಾರೆ?

ಎಣಿಸಿದವಳು ಆ ಕ್ಲಿನಿಕ್ಕಿನ ಕೇರ್ ಮ್ಯಾನೇಜರ್. ಈ ಇಡೀ ಕಥೆಯಲ್ಲಿ ಕೆಲಸಕ್ಕೆ ಬಂದದ್ದು ಯಾವುದು ಅಂತ ಕೇಳಿದರೆ ನಾನು ಇವಳ ಕಡೆ ಕೈ ತೋರಿಸುತ್ತೇನೆ. ಸ್ಪ್ಯಾನಿಷ್ ಆಡುವ ಸಮಾಜಕಾರ್ಯಕರ್ತೆ. ಮೊದಲ ದಿನವೇ ಡಾಕ್ಟರ್ ತಾವೇ ಕರೆದುಕೊಂಡು ಬಂದು ಪರಿಚಯ ಮಾಡಿಸಿದ್ದರು. ಬೇರೆ ಆಫೀಸು, ಬೇರೆ ದಿನ ಅಂದಿದ್ದರೆ ಮಮಾ ಖಂಡಿತ ಹೋಗುತ್ತಿರಲಿಲ್ಲ. ಪ್ರತಿ ಮಂಗಳವಾರ ಹತ್ತೂವರೆಗೆ ಅವಳ ಫೋನು. ಎರಡನೇ ವಾರ ‘ತೆಗೊಂಡ್ರಾ’ ಅಂತ ಕೇಳಲಿಲ್ಲ, ‘ಬಾಟಲಿಯಲ್ಲಿ ಎಷ್ಟು ಉಳಿದಿವೆ, ನೋಡಿ ಹೇಳ್ತೀರಾ’ ಅಂದಳಂತೆ. ಇರಬೇಕಾದ್ದು ಹದಿನಾರು, ಇದ್ದದ್ದು ಇಪ್ಪತ್ತೊಂದು. ಬೈಯಲಿಲ್ಲ. ಊಟದ ಜೊತೆ ತೆಗೆದುಕೊಂಡು ನೋಡಿ ಅಂದಳು. ಇದು ಚಟ ಹಿಡಿಸುವ ಮಾತ್ರೆಯಲ್ಲ, ಆದರೆ ಹೀಗೆ ಧಡಕ್ಕಂತ ಬಿಡಬಾರದು ಅಂತ ತಿಳಿಸಿ ಹೇಳಿದಳು. ಡಾಕ್ಟರಿಗೂ ಹೇಳಿದಳು.

ಈ ಪದ್ಧತಿಗೆ ಒಂದು ಹಿನ್ನೆಲೆ ಇದೆ. ಡಾಕ್ಟರ್ ಯೂರ್ಗನ್ ಉನ್ಯುಟ್ಸರ್ ಮತ್ತು ಅವರ ಜೊತೆಯವರು ಐದು ರಾಜ್ಯಗಳ 18 ಕ್ಲಿನಿಕ್ಕುಗಳಲ್ಲಿ 60 ದಾಟಿದ 1,801 ಜನರ ಮೇಲೆ ಇದನ್ನು ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದರು. ಫ್ಯಾಮಿಲಿ ಡಾಕ್ಟರ್, ಕೇರ್ ಮ್ಯಾನೇಜರ್, ಹಿಂದೆ ನಿಂತು ಸಲಹೆ ಕೊಡುವ ಒಬ್ಬ ಮನೋವೈದ್ಯ. ಒಂದು ವರ್ಷಕ್ಕೆ ಹೀಗೆ ನೋಡಿಕೊಂಡವರಲ್ಲಿ ನೂರಕ್ಕೆ 45 ಜನರಿಗೆ ಲಕ್ಷಣಗಳು ಕನಿಷ್ಠ ಅರ್ಧದಷ್ಟು ಇಳಿದಿದ್ದವು. ಮಾಮೂಲಿ ಚಿಕಿತ್ಸೆಯಲ್ಲಿ 19. ಮಮಾ ಮನೋವೈದ್ಯರ ಮುಖವನ್ನೇ ನೋಡಲಿಲ್ಲ, ಅವರು ವಾರಕ್ಕೊಮ್ಮೆ ಕೇರ್ ಮ್ಯಾನೇಜರ್ ಜೊತೆ ಕೂತು ಮಮಾ ಫೈಲು ನೋಡುತ್ತಿದ್ದರು. ಮೆಡಿಕೇರ್ ಇದಕ್ಕೆ 2017ರಿಂದ ದುಡ್ಡು ಕೊಡುತ್ತದೆ. ಎಲ್ಲಾ ಕ್ಲಿನಿಕ್ಕಿನಲ್ಲೂ ಇರುವುದಿಲ್ಲ, ಕೇಳಿ ನೋಡಬೇಕು. ‘ಕೊಲಾಬರೇಟಿವ್ ಕೇರ್ ಇದೆಯಾ’ ಅಂತ ಕೇಳಿದರೆ ಸಾಕು.

ನಮಗೆ ಇನ್ನೊಂದು ಗಂಡಾಂತರ ಕಾದಿತ್ತು. ಮತ್ತೆ ಮಾತ್ರೆ ಶುರು ಮಾಡಿ ಎರಡು ವಾರಕ್ಕೆ ಮಮಾಗೆ ತಲೆಸುತ್ತು, ಮಾತು ತಡವರಿಕೆ. ಸೋಡಿಯಂ 129ಕ್ಕೆ ಇಳಿದಿತ್ತು. 135 ಆದರೂ ಇರಬೇಕು. ವಯಸ್ಸಾದವರಿಗೆ ಈ ಜಾತಿಯ ಮಾತ್ರೆಯಿಂದ ಹೀಗಾಗಬಹುದು, ಬಿಪಿಗೆ ಅಂತ ಮೂತ್ರ ಹೆಚ್ಚಿಸುವ ಮಾತ್ರೆಯೂ ಇದ್ದರೆ ಇನ್ನೂ ಜಾಸ್ತಿ. ಮಮಾಗೆ ಅದು ಇತ್ತು. ಡಾಕ್ಟರ್ ಎರಡು ವಾರಕ್ಕೆ ರಕ್ತ ಪರೀಕ್ಷೆ ಬರೆದಿದ್ದರಿಂದ ಸಿಕ್ಕಿತು. ಬಿಪಿ ಮಾತ್ರೆ ಬದಲಾಯಿಸಿದರು, ಮೂರು ದಿನಕ್ಕೊಮ್ಮೆ ರಕ್ತ ಕೊಟ್ಟೆವು, ಹತ್ತು ದಿನಕ್ಕೆ ಸರಿಹೋಯಿತು. ಸರ್ಟ್ರಲಿನ್ 50ಕ್ಕೆ ಏರಿದ್ದು ಜೂನ್ ಮಧ್ಯದಲ್ಲಿ. ನಿಮ್ಮ ಮನೆಯ ಹಿರಿಯರಿಗೆ ಈ ಮಾತ್ರೆ ಬರೆದರೆ ‘ಸೋಡಿಯಂ ಯಾವಾಗ ನೋಡ್ತೀರಿ?’ ಅಂತ ಒಂದು ಮಾತು ಕೇಳಿ.

ಮಾತುಕತೆಯ ಚಿಕಿತ್ಸೆಗೆ ಸ್ಪ್ಯಾನಿಷ್‌ನಲ್ಲಿ ಹನ್ನೊಂದು ವಾರ ಸಾಲು. ಅಲ್ಲಿಯವರೆಗೆ ಮಂಗಳವಾರದ ಫೋನೇ ಚಿಕಿತ್ಸೆ. ಪ್ರತಿ ವಾರ ಒಂದು ಸಣ್ಣ ಕೆಲಸ ಒಪ್ಪಿಕೊಳ್ಳಬೇಕು, ಮನಸ್ಸು ಬಂದಾಗ ಅಲ್ಲ, ಹೇಳಿದ ಹೊತ್ತಿಗೆ. ಮೊದಲ ವಾರ: ಹಿತ್ತಿಲ ನೋಪಾಲ್ ಕಳ್ಳಿಯ ಹತ್ತಿರ ಕುರ್ಚಿ ಹಾಕಿಕೊಂಡು ಹತ್ತು ನಿಮಿಷ ಕೂರುವುದು. ಅಷ್ಟೇ. ಗಂಡನಿಗೆ ಇದು ತಮಾಷೆ ಅನ್ನಿಸಿತು. ಮೂರನೇ ವಾರ ಎರಡು ಎಲೆ ಕೊಯ್ದು ಮುಳ್ಳು ತೆಗೆದು ಮೊಟ್ಟೆ ಜೊತೆ ಹುರಿದರು. ಮಾವನ ಕುರ್ಚಿಯಲ್ಲಿ ಯಾರೂ ಕೂರುವ ಹಾಗಿರಲಿಲ್ಲ ಅಂತ ನನಗೆ ಗೊತ್ತಿತ್ತು. ಅದರ ಜೊತೆ ಮಮಾ ರಾತ್ರಿ ಮಾತಾಡುತ್ತಿದ್ದರು ಅಂತ ಗೊತ್ತಿರಲಿಲ್ಲ. ಅದನ್ನು ಫೋನಿನವಳಿಗೆ ಹೇಳಿದರು. ನಾದಿನಿಗೂ ಒಂದು ಕೆಲಸ ಕೊಟ್ಟಳು: ‘ಎಚಾಲೆ ಗಾನಾಸ್’ ಬದಲು ಒಂದು ಅಡುಗೆ ವಿಧಾನ ಕೇಳು.

ಖರ್ಚಿನ ವಿಷಯ. ವರ್ಷಕ್ಕೊಂದು ಖಿನ್ನತೆ ತಪಾಸಣೆ ಮೆಡಿಕೇರ್‌ನಲ್ಲಿ ಪುಕ್ಕಟೆ. ಉಳಿದದ್ದಕ್ಕೆ 2025ರಲ್ಲಿ ಸಾಮಾನ್ಯವಾಗಿ ಮೊದಲ 257 ಡಾಲರ್ ರೋಗಿಯೇ ಕೊಡಬೇಕಿತ್ತು, ಆಮೇಲೆ ನೂರಕ್ಕೆ 20 ರೋಗಿಯ ಪಾಲು. ಮೆಡಿ-ಕ್ಯಾಲ್ ಮತ್ತೆ ಬಂದಿದ್ದರಿಂದ ನಮಗೆ ಅದೂ ಬೀಳಲಿಲ್ಲ. ಹಿಂದೆಲ್ಲ ಮನಸ್ಸಿನ ಕಾಯಿಲೆಗೆ ಮೆಡಿಕೇರ್ ಅರ್ಧದಷ್ಟೇ ಕೊಡುತ್ತಿತ್ತು. 2008ರ ಕಾನೂನಿನ ಮೇಲೆ ಹಂತಹಂತವಾಗಿ ಬದಲಾಗಿ 2014ಕ್ಕೆ ಬೇರೆ ಕಾಯಿಲೆಗಳ ಸಮಕ್ಕೆ ಬಂತು. ನಮ್ಮ ಕೈಯಿಂದ ಹೋದದ್ದು ಪೆಟ್ರೋಲು, ನನ್ನ ಎಂಟು ದಿನದ ರಜೆ, ಗಂಡನ ನಾಲ್ಕು ದಿನದ ಕೂಲಿ. ಡಾಕ್ಟರ್ ಹತ್ತಿರ ಹೋಗಿಬರಲು ಮೆಡಿ-ಕ್ಯಾಲ್ ಗಾಡಿ ಕಳಿಸುತ್ತದೆ ಅಂತ ಗೊತ್ತಾಗಿದ್ದು ಆಗಸ್ಟಿನಲ್ಲಿ. ಮೊದಲೇ ಗೊತ್ತಿದ್ದರೆ ಅರ್ಧ ರಜೆ ಉಳಿಯುತ್ತಿತ್ತು.

ಅಂಕ ಮೇ ಕೊನೆಗೆ 14, ಜುಲೈನಲ್ಲಿ 11, ಸೆಪ್ಟೆಂಬರಿನಲ್ಲಿ 6. ಬಿಸಿಲು 40 ದಾಟಿದ ಜುಲೈನ ಒಂದು ವಾರ ಮತ್ತೆ ಹಾಸಿಗೆ ಹಿಡಿದಿದ್ದರು. ಮೂರಕ್ಕೆ ಎಚ್ಚರವಾಗುವುದು ಇನ್ನೂ ನಿಂತಿಲ್ಲ. ಚೆನ್ನಾದ ಮೇಲೂ ಆರು ತಿಂಗಳಿಂದ ಒಂದು ವರ್ಷ ಮಾತ್ರೆ ಮುಂದುವರಿಸಬೇಕು ಅಂದಿದ್ದಾರೆ. ಈ ಡಿಸೆಂಬರಿಗೆ ತಮಾಲೆ ಮಾಡುತ್ತಾರಾ ಅಂತ ಯಾರೂ ಕೇಳಿಲ್ಲ.

ಮಮಾ ಇವತ್ತಿಗೂ ಖಿನ್ನತೆ ಅನ್ನುವುದಿಲ್ಲ. ಕೇಳಿದವರಿಗೆ ‘ನೆರ್ವಿಯೋಸ್ ಮಾತ್ರೆ’ ಅನ್ನುತ್ತಾರೆ. ಹೋದ ಭಾನುವಾರ ಕೋಮಾದ್ರೆ ಬಂದಿದ್ದರು. ಮೂವರೂ ಹಿತ್ತಿಲಲ್ಲಿ ಕೂತಿದ್ದೆವು. ಅವರು ಎಂದಿಗಿಂತ ಕಡಿಮೆ ಮಾತಾಡಿದರು. ಹೊರಡುವಾಗ ನನ್ನನ್ನು ಬಾಗಿಲ ಹತ್ತಿರ ನಿಲ್ಲಿಸಿ, ಕಾಗದಪತ್ರ ಕೇಳದ ಆ ಕ್ಲಿನಿಕ್ಕಿನ ನಂಬರು ಬರೆದುಕೊಡು ಅಂದರು. ಯಾಕೆ ಅಂತ ಕೇಳಿದೆ. ಮೊಣಕಾಲು ನೋವು ಅಂದರು.

ಒಳಗಿನಿಂದ ಮಮಾ ಕೂಗಿ ಹೇಳಿದರು: ‘ಒಬ್ಬಳೇ ಒಳಗೆ ಹೋಗು, ಕೋಮಾದ್ರೆ. ಮೊಣಕಾಲಿಗೆ ಒಂಬತ್ತು ಪ್ರಶ್ನೆ ಕೇಳ್ತಾರೆ.’